ಗ್ರಾಫಿಕ್ಸ್ ಹಾಕಿಸಿಕೊಂಡ ಸಾಹೇಬರ ಬೇಸಾಯ

ಲ್ಯಾಪ್‌ಟಾಪ್ ಬಿಚ್ಚಿದರೆ ಒಳಗೆ ಇನ್ನೊಂದಿಷ್ಟು ಜಾಗ ಇದ್ದೇ ಇರುತ್ತೆ ಅನ್ನೋದು ನಮ್ಮ ಚಿಂತಾಮಣಿ ಕಡೆಯವರ ಗಟ್ಟಿ ನಂಬಿಕೆ. ಹಾಗಾಗಿ ನನ್ನ ರಿಪೇರಿ ಅಂಗಡಿಯಲ್ಲಿ ನಗುವಿಗೆ ಬರ ಇಲ್ಲ. ಆದರೆ ಕೆಂಚಾರ್ಲಹಳ್ಳಿ ಸಾಹೇಬರನ್ನು ಮೀರಿಸೋ ಗಿರಾಕಿ ಇನ್ನೂ ಸಿಕ್ಕಿಲ್ಲ. ರೈತರಿಗೆ ಬೇಸಾಯದ ಸಲಹೆ ಕೊಡೋ ಕೆಲಸದಲ್ಲಿದ್ದು ರಿಟೈರಾದವರು. ಅವರದೇ ತೋಟ, ರೇಷ್ಮೆ ಹುಳ ಎಲ್ಲ ಹೆಂಡತಿ ನೋಡಿಕೊಳ್ತಾರೆ. ಸಾಹೇಬರಿಗೆ ಬಿಸಿಲು ಆಗಿಬರಲ್ಲ.

ಒಳಗೆ ತುರುಕೋದು

ಒಂದಿನ ಟವಲ್‌ನಲ್ಲಿ ಸುತ್ತಿಕೊಂಡು, ಪರದೆ ಮೇಲೆ ಚಿತ್ರ ಚೆನ್ನಾಗಿ ಮೂಡಿಸೋ ಗ್ರಾಫಿಕ್ಸ್ ಕಾರ್ಡ್ ತಂದರು. ದೊಡ್ಡ ಕಂಪ್ಯೂಟರಿಗೆ ಹಾಕೋದು, ಇಟ್ಟಿಗೆ ಗಾತ್ರ ಇತ್ತು.

"ಇದನ್ನ ನನ್ನ ಲ್ಯಾಪ್‌ಟಾಪ್ ಒಳಗೆ ಕೂರಿಸಯ್ಯ."

"ಸಾರ್, ಲ್ಯಾಪ್‌ಟಾಪಿಗಿಂತ ಇದೇ ದಪ್ಪ ಇದೆ. ಅದರ ಗ್ರಾಫಿಕ್ಸು ಬೋರ್ಡಿಗೇ ಬೆಸುಗೆ ಆಗಿರುತ್ತೆ, ಬದಲಾಯಿಸೋಕಾಗಲ್ಲ."

"ನಿನಗೆ ಬರಲ್ಲ ಅನ್ನು."

"ಯಾವ ಗೇಮ್ ಆಡ್ತೀರಾ ಸಾರ್?"

"ಬೇಸಾಯದ್ದು. ಟ್ರಾಕ್ಟರ್ ತಡವರಿಸುತ್ತೆ ಕಣಯ್ಯ. ಜೋಳದ ಗರಿ ಒಂದೂ ನೆಟ್ಟಗೆ ಕಾಣಲ್ಲ. ಸರ್ವೀಸಿನಲ್ಲಿದ್ದಾಗ ಕೂಡ ನಾನು ಬೆಳೆ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ!"

ನೀರು ಬಿಡೋದು

ಕಾರ್ಡನ್ನು ಹೊರಗಡೆ ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಬಹುದು. ಅವರ ಲ್ಯಾಪ್‌ಟಾಪಿಗೆ ಅದು ಹೊಂದಿಕೊಳ್ತಿತ್ತು. ಗೇಮಲ್ಲಿ ಚಿತ್ರದ ಕೆಲಸ ಜಾಸ್ತಿಯಾದಷ್ಟೂ ಕಾರ್ಡು ಕಾಯುತ್ತೆ, ಪೆಟ್ಟಿಗೆಯ ಫ್ಯಾನು ಆ ಬಿಸಿಯನ್ನ ಹೊರಗೆ ಊದುತ್ತೆ. ಪೆಟ್ಟಿಗೆ ತರಿಸಿ, ಮನೆಗೇ ಹೋಗಿ ಹಾಕಿಕೊಟ್ಟೆ. ಪರದೆ ಮೇಲೆ ಜೋಳದ ಹೊಲ ಫಳಫಳ ಅಂತು. ಸಾಹೇಬರ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ತೋಟದಿಂದ ಅಮ್ಮನವರ ಕೂಗು. "ರೀ, ಹಿಪ್ಪುನೇರಳೆ ಬಾಡ್ತಾ ಇದೆ, ಮೋಟರ್ ಹಾಕ್ರೀ!"

ಸ್ವಿಚ್ಚು ಸಾಹೇಬರ ಪಕ್ಕದ ಗೋಡೆಯಲ್ಲೇ ಇತ್ತು. ಪುಣ್ಯಾತ್ಮ ಕೈ ಎತ್ತಲಿಲ್ಲ.

"ಸ್ವಲ್ಪ ತಡಿಯೇ, ಬೆಳೆಗೆ ನೀರು ಬಿಡ್ತಾ ಇದೀನಿ!"

ಮಳೆ ತರಿಸೋದು

ಆಮೇಲೆ ಚಳಿ ಶುರುವಾಯ್ತು. ಅಮ್ಮನವರ ಹುಳ ಆಗ ತಾನೇ ಮೊಟ್ಟೆಯಿಂದ ಹೊರಬಂದಿದ್ದವು. ಎಳೇ ಹುಳಕ್ಕೆ ಕೋಣೆ ಬೆಚ್ಚಗಿರಬೇಕು, ತಣ್ಣಗಾದರೆ ಇಡೀ ಬೆಳೆ ಹೋಯ್ತು ಅಂತಲೇ ಲೆಕ್ಕ. ಹಾಳಾದ ಹೀಟರು ಅವತ್ತೇ ಸುಟ್ಟುಹೋಗಬೇಕೇ? ಹೊಸದು ತರಿಸೋಕೆ ಪುರುಸೊತ್ತಿಲ್ಲ. ಗಾಬರಿಯಿಂದ ಗಂಡನನ್ನು ಕರೆಯೋಕೆ ಬಂದ ಅಮ್ಮನವರ ಕಾಲಿಗೆ ಪೆಟ್ಟಿಗೆಯ ಬಿಸಿಗಾಳಿ ಬಡಿಯಿತು. ಬಗ್ಗಿ ಕೈಯಿಟ್ಟು ನೋಡಿದವರೇ ಪೆಟ್ಟಿಗೆ, ಲ್ಯಾಪ್‌ಟಾಪು, ಗಂಡ ಮೂರನ್ನೂ ಹುಳದ ಮನೆಗೆ ಸಾಗಿಸಿದರು.

ಹುಳದ ಮನೆ ಅಂದ್ರೆ ಮಡಿ ಜಾಸ್ತಿ. ಬ್ಲೀಚಿಂಗ್ ಪುಡಿಯ ನೀರಲ್ಲಿ ಕಾಲು ತೊಳೀಬೇಕು, ಸಿಗರೇಟು ಬೇಡ, ಘಾಟಿನ ತಿಂಡಿ ಬೇಡ. ಸಾಹೇಬರು ಸ್ಟೂಲಿನ ಮೇಲೆ ಕೂತು ಆಡಿದರು. ಕೋಣೆ ಬೆಚ್ಚಗಾಯ್ತು, ಹುಳ ಸೊಪ್ಪು ಮೇಯತೊಡಗಿದವು. ಅಮ್ಮನವರಿಗೆ ಹೋದ ಜೀವ ಬಂದಂಗಾಯ್ತು.

ಮಾರನೇ ದಿನ ಅಮ್ಮನವರ ಫೋನು. "ಏನಪ್ಪಾ, ಗೇಮಲ್ಲಿ ಮಳೆ ಬಂದ್ರೆ ಪೆಟ್ಟಿಗೆ ಇನ್ನೂ ಚೆನ್ನಾಗಿ ಕಾಯುತ್ತೆ. ಸದಾ ಮಳೆ ಬರೋ ಹಂಗೆ ಮಾಡೋದು ಹೆಂಗೆ? ಇವರು ಕಟಾವು ಹಾಳಾಗುತ್ತೆ ಅಂತ ಮಳೆ ನಿಲ್ಲಿಸ್ತಾರೆ."

ಹೇಳಿಕೊಟ್ಟೆ. ಹುಳ ಮುಖ್ಯ ಅಲ್ವೇ?

ನಾಲ್ಕೈದು ದಿನ ಬಿಟ್ಟು ಸಾಹೇಬರು ಅಂಗಡಿಗೆ ಬಂದರು. ಕಣ್ಣು ಕೆಂಪು, ಗಡ್ಡ ಬಿಟ್ಟಿದ್ದರು. ಪೆಟ್ಟಿಗೆಯನ್ನ ನನ್ನ ಮೇಜಿನ ಮೇಲೆ ಕುಕ್ಕಿದರು.

"ಹೀಟರ್ ತಂದಾಯ್ತು ಕಣಯ್ಯ. ಆದ್ರೂ ಅವಳು ಏಳಕ್ಕೆ ಬಿಡಲ್ಲ, ಹುಳಕ್ಕೆ ಇದೇ ಒಗ್ಗಿದೆ ಅಂತಾಳೆ. ದಮ್ಮಯ್ಯ, ಇದು ಕೆಟ್ಟಿದೆ ಅಂತ ಹೇಳಿ ಇಲ್ಲೇ ಇಟ್ಕೋ."

"ಮತ್ತೆ ನಿಮ್ಮ ಬೇಸಾಯ ಸಾರ್?"

"ನಾಲ್ಕೈದು ದಿನದಿಂದ ಮಳೆಯಯ್ಯ, ಬೆಳೆಯೆಲ್ಲ ಕೊಳೆತುಹೋಯ್ತು," ಅಂತ ಮುಖ ಒರೆಸಿಕೊಂಡರು. "ಪರಿಹಾರಕ್ಕೆ ಯಾರಿಗೆ ಅರ್ಜಿ ಹಾಕ್ಬೇಕು?"