ಮಂಗೋಲಿಯಾದ ಅಜ್ಜಿ, ನಾನು ಮತ್ತು ಸೊಸೆಯ ಲೈಸೆನ್ಸು

ನಾನು ನನ್ನ ಪಾಡಿಗೆ ಇದ್ದರೂ ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮಕ್ಕಳನ್ನ ಸ್ಕೂಲಿಗೆ ಬಿಟ್ಟಮೇಲೆ ಮಾಡೋಕೆ ಕೆಲಸವಿಲ್ಲ ಅಂತ ಮಾರ್ಸ್ಡನ್ ಪಾರ್ಕ್ ಬಡಾವಣೆಯ ನಮ್ಮ ಮನೆ ಹತ್ತಿರದ ಕಮ್ಯೂನಿಟಿ ಸೆಂಟರಿನಲ್ಲಿ ವಾಲಂಟಿಯರ್ ಆಗಿ ಹೆಸರು ಬರೆಸಿದೆ. ನನ್ನ ಪಾಲಿಗೆ ಬಂದದ್ದು ಒಂದು ಮಂಗೋಲಿಯಾ ಸಂಸಾರ. ಗಂಡ ಎಲ್ಲೋ ದೂರದ ಗಣಿ ಕೆಲಸದಲ್ಲಿ. ಮನೆಯಲ್ಲಿ ಸೊಸೆ ಮತ್ತು ಅವಳತ್ತೆ. ಸೊಸೆ ತನ್ನೂರಲ್ಲಿ ನರ್ಸ್ ಆಗಿದ್ದವಳು. ಇಲ್ಲಿ ವಯಸ್ಸಾದವರ ಮನೆಮನೆಗೆ ಹೋಗಿ ನೋಡಿಕೊಳ್ಳೋ ಕೆಲಸ ಸಿಕ್ಕಿತ್ತು. ಆದರೆ ತಿಂಗಳ ಕೊನೆಯೊಳಗೆ ಡ್ರೈವಿಂಗ್ ಲೈಸೆನ್ಸ್ ತೋರಿಸದಿದ್ದರೆ ಅದು ಬೇರೆಯವರ ಪಾಲು. ಆಗಲೇ ಎರಡು ಸಲ ಫೇಲ್ ಆಗಿದ್ದಳು. ಪಕ್ಕದಲ್ಲಿ ಕೂತು ಪ್ರಾಕ್ಟೀಸ್ ಮಾಡಿಸೋದು ನನ್ನ ಕೆಲಸ. ಅತ್ತೆಯನ್ನು ನಾನು ಅಜ್ಜಿ ಅಂತಲೇ ಕರೆಯುತ್ತಿದ್ದೆ. ಅವರು ಹಿಂದಿನ ಸೀಟು ಬಿಟ್ಟು ಅಲ್ಲಾಡುತ್ತಿರಲಿಲ್ಲ.

ಟೀ

ಮೊದಲನೇ ದಿನ ಅಜ್ಜಿ ದೊಡ್ಡ ಬಟ್ಟಲು ತುಂಬ ಟೀ ಕೊಟ್ಟರು. ಒಂದು ಗುಟುಕು ಕುಡಿದರೆ ಬರೀ ಉಪ್ಪು. ಪಾಪ, ವಯಸ್ಸಾಗಿದೆ, ಸಕ್ಕರೆ ಅಂತ ಉಪ್ಪು ಹಾಕಿಬಿಟ್ಟಿದ್ದಾರೆ, ಸೊಸೆ ಎದುರು ಮಾನ ಕಳೆಯೋದು ಬೇಡ ಅಂತ ಗಟಗಟ ಕುಡಿದು ಮುಗಿಸಿದೆ. ಅಜ್ಜಿಗೆ ಖುಷಿಯೋ ಖುಷಿ. ಇನ್ನೊಂದು ಬಟ್ಟಲು ಬಂತು. ಅದನ್ನೂ ಕುಡಿದೆ. ಮೂರನೇದು ಬಂದಾಗ ಸೊಸೆ ಹೇಳಿದಳು, "ನಮ್ಮಲ್ಲಿ ಟೀಗೆ ಉಪ್ಪೇ ಹಾಕೋದು." ಮೊದಲೇ ಬಾಯಿ ಬಿಡಬಾರದಿತ್ತೇನೇ ತಾಯಿ. ಅಷ್ಟರಲ್ಲಿ ಅಜ್ಜಿ ಅದಕ್ಕೊಂದು ಚಮಚ ಬೆಣ್ಣೆ ಬಿಟ್ಟರು. ಇನ್ನು ಸಾಸಿವೆ ಕರಿಬೇವಿನ ಒಗ್ಗರಣೆ ಒಂದು ಬಾಕಿ ಇತ್ತು.

ಕಾಲು, ಕೈ, ತಲೆ

ಒಂದು ದಿನ ಕಾರು ಹತ್ತುವಾಗ ಅಜ್ಜಿಯ ಕಾಲು ತುಳಿದುಬಿಟ್ಟೆ. ನಮ್ಮ ಅಭ್ಯಾಸ ಗೊತ್ತಲ್ಲ, ಮುಟ್ಟಿ ಕಣ್ಣಿಗೊತ್ತಿಕೊಳ್ಳೋಣ ಅಂತ ಬಗ್ಗಿದೆ. ಅವರಲ್ಲಿ ಕಾಲಿಗೆ ಕಾಲು ತಗುಲಿದರೆ ಜಗಳ ಆಗದಿರಲಿ ಅಂತ ಕೂಡಲೇ ಕೈ ಕುಲುಕಬೇಕಂತೆ. ನನ್ನ ಕೈ ಹಿಡಿದು ಕುಲುಕೋಕೆ ಅಜ್ಜಿಯೂ ಬಗ್ಗಿದರು. ಕೈಯೇನೋ ಕುಲುಕಿದರು, ಜೊತೆಗೆ ಇಬ್ಬರ ತಲೆಯೂ ಢೀ ಅಂತು. ತಲೆಗೆ ತಲೆ ಒಂದೇ ಸಲ ಡಿಕ್ಕಿ ಹೊಡೆದರೆ ಕೊಂಬು ಬರುತ್ತೆ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದವಳು ನಾನು, ಹಾಗೇ ಬಿಡೋಕಾಗುತ್ತಾ? ಅಜ್ಜಿ ಹಣೆ ಉಜ್ಜಿಕೊಳ್ಳುತ್ತಿರುವಾಗಲೇ ಮೆಲ್ಲಗೆ ಇನ್ನೊಂದು ಸಲ ಗುದ್ದಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಸೊಸೆಗೆ ಏನೋ ಅಂದರು.

"ಏನಂತೆ?" ಅಂದೆ.

"ಕೈ ಕುಲುಕಿದ ಮೇಲೂ ಹೊಡೆಯೋಕೆ ಬರ್ತಾಳಲ್ಲ, ಇವರ ದೇಶದಲ್ಲಿ ಎಲ್ಲರೂ ಹೀಗೇನಾ ಅಂತ ಕೇಳ್ತಿದ್ದಾರೆ" ಅಂದಳು.

ಹಾಲು ಮತ್ತು ನಿಂಬೆಹಣ್ಣು

ಮೂರನೇ ಟೆಸ್ಟು ಬಿದ್ದದ್ದು ತಿಂಗಳ ಕೊನೇ ವಾರ. ಇದೂ ಹೋದರೆ ಕೆಲಸವೂ ಹೋದಂತೆಯೇ. ಸೊಸೆಗಿಂತ ಜಾಸ್ತಿ ನನ್ನೆದೆ ಢವಢವ. ಇಂಥ ಹೊತ್ತಲ್ಲಿ ಮೈಸೂರಿನವಳು ಏನು ಮಾಡುತ್ತಾಳೋ ಅದನ್ನೇ ಮಾಡಿದೆ, ಟೆಸ್ಟ್ ಸೆಂಟರಿನ ಮುಂದೆ ನಿಲ್ಲಿಸಿದ್ದ ಕಾರಿನ ನಾಲ್ಕೂ ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟೆ. ಎದ್ದು ನೋಡಿದರೆ ಅಜ್ಜಿ ಆ ಕಡೆಯಿಂದ ಚಮಚದಲ್ಲಿ ಹಾಲು ಎರಚುತ್ತಿದ್ದಾರೆ. ಅವರಲ್ಲಿ ಹೊರಟವರಿಗೆ ಹಾಲು ಚಿಮುಕಿಸಿ ಕಳಿಸೋದಂತೆ. ಚಕ್ರಕ್ಕೆ ಅರ್ಧ, ವಿಂಡ್‌ಸ್ಕ್ರೀನಿಗೆ ಅರ್ಧ. ಅಷ್ಟರಲ್ಲಿ ಟೆಸ್ಟ್ ಮಾಡೋ ಮಹಾರಾಯ ಬಂದ. ಹಾಲು ನೋಡಿದ, ನಿಂಬೆಹಣ್ಣು ನೋಡಿದ, ನಮ್ಮಿಬ್ಬರನ್ನೂ ನೋಡಿದ.

"ಇನ್ನೇನಾದರೂ ಬಾಕಿ ಇದೆಯಾ?" ಅಂದ.

ಡಿಕ್ಕಿಯಲ್ಲಿ ತೆಂಗಿನಕಾಯಿ ಇತ್ತು, ಹೇಳೋ ಧೈರ್ಯ ಬರಲಿಲ್ಲ.

ನನ್ನ ಆಸ್ತಿ

ಮುಕ್ಕಾಲು ಗಂಟೆ ಆದಮೇಲೆ ಕಾರು ವಾಪಸ್ ಬಂತು. ಸೊಸೆ ಅಳುತ್ತಾ ಇಳಿದಳು. ಮುಗೀತು ಕಥೆ ಅಂದುಕೊಂಡೆ. ಪಾಸಾಗಿದ್ದಕ್ಕೆ ಅಳುತ್ತಿದ್ದಳು. ನನಗೂ ಅಳು ತಡೆಯೋಕಾಗಲಿಲ್ಲ. ಅವರಲ್ಲಿ ಮುದ್ದು ಮಾಡೋದು ಹಾಗಂತೆ, ಅಜ್ಜಿ ನನ್ನ ಎರಡೂ ಕೆನ್ನೆ ಮೂಸಿ, ಬಹಳ ಗಂಭೀರವಾಗಿ ಏನೋ ಹೇಳಿದರು.

"ನಿಮಗೊಂದು ಕುದುರೆ ಕೊಟ್ಟಿದ್ದಾರೆ" ಅಂದಳು ಸೊಸೆ.

"ಎಲ್ಲಿದೆ?"

"ಊರಲ್ಲಿ, ಅವರ ತಮ್ಮನ ಹಿಂಡಿನಲ್ಲಿ. ಅಲ್ಲೇ ಇರುತ್ತೆ, ಆದರೆ ನಿಮ್ಮದೇ."

ಬೇಡ ಅಂದರೆ ಅವರಿಗೆ ಬೇಜಾರಾಗುತ್ತೆ ಅಂತ ಕೈ ಮುಗಿದು ಒಪ್ಪಿಕೊಂಡೆ. ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಪೇಪರಿಂದ ತಲೆ ಎತ್ತದೆ, "ಗರಾಜಿಂದ ನನ್ನ ಟ್ರೆಡ್‌ಮಿಲ್ ಮಾತ್ರ ತೆಗೆಯಲ್ಲ" ಅಂದರು.

ಹೋದ ರಜಕ್ಕೆ ಮೆಲ್ಬರ್ನಿಗೆ, ಕ್ಲೈಡ್ ನಾರ್ತ್‌ನಲ್ಲಿರೋ ಓರಗಿತ್ತಿ ಮನೆಗೆ ಹೋಗಿದ್ದೆವು. ವೆರಿಬೀಯಲ್ಲಿ ಎರಡನೇ ಮನೆ ತಗೊಂಡಿದ್ದಾರೆ. ಊಟಕ್ಕೆ ಮುಂಚೆ ಅದರ ಫೋಟೋ, ಊಟ ಆದಮೇಲೆ ಅದರದೇ ವಿಡಿಯೋ.

"ಇನ್ವೆಸ್ಟ್‌ಮೆಂಟ್ ಪ್ರಾಪರ್ಟಿ ಅಂತ ಒಂದಿರಬೇಕು ಕಣೇ" ಅಂದರು. "ನಿಮ್ಮದೇನೂ ಇಲ್ವಾ?"

"ಇದೆಯಲ್ಲ ಅಕ್ಕ" ಅಂತ ಮಂಗೋಲಿಯಾದಿಂದ ಬಂದಿದ್ದ ಕುದುರೆ ಫೋಟೋ ತೆಗೆದು ತೋರಿಸಿದೆ. "ನಂದು ಹೋದ ವಾರ ಮರಿ ಹಾಕಿತು. ನಿಮ್ಮದು ಯಾವಾಗ ಹಾಕುತ್ತೆ?"