ಒಂದೇ ಗೇಮು, ಎರಡು ರಿಮೋಟು

ನಮ್ಮ ಮನೆಗೆ ಯಾವ ಸಾಮಾನು ಬಂದರೂ ಸುಮ್ಮನೆ ಬಂದದ್ದಿಲ್ಲ, ಬೆನ್ನಿಗೆ ಎರಡು ಮೂರು ತಮಾಷೆ ಕಟ್ಟಿಕೊಂಡೇ ಬರುತ್ತದೆ. ಅವನ್ನು ಬಣ್ಣ ಹಚ್ಚಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದವಳು ನನ್ನ ಹೆಂಡತಿ. ಹೋದ ವರ್ಷ ಅವಳು ತೀರಿಕೊಂಡಳು. ಈಗ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಅವಳಷ್ಟು ಚೆನ್ನಾಗಿ ಹೇಳಲು ಬರುವುದಿಲ್ಲ, ಆದರೂ ಹೇಳುತ್ತೇನೆ.

ತಾರ್ನಾಕ ಬಡಾವಣೆಯ ಬಾಡಿಗೆ ಮನೆಯಲ್ಲಿ ಈಗ ಮೂವರು: ನಾನು, ಬಿಜಾಪುರದಿಂದ ಬಂದು ನಮ್ಮ ಜೊತೆ ನಿಂತಿರುವ ಅವ್ವ, ಒಂಬತ್ತನೇ ಕ್ಲಾಸಿನ ಮಗಳು. ತಾಯಿ ಹೋದಾಗಿನಿಂದ ಮಗಳು ನಕ್ಕಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಅವ್ವನಿಗೂ ನನಗೂ ಅದೊಂದೇ ಚಿಂತೆ.

ಪೂಜೆ

ಮೇಲಿನ ಮನೆಯಲ್ಲಿದ್ದ ಮೈಸೂರು ಕಡೆಯ ಇಂಜಿನಿಯರೊಬ್ಬರು ಊರು ಬಿಡುವಾಗ ತಮ್ಮ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮಗಳಿಗೆ ಕೊಟ್ಟರು. ಎರಡು ರಿಮೋಟು ಇದ್ದವು, ಗೇಮು ಒಂದೂ ಇರಲಿಲ್ಲ.

ಯಂತ್ರ ಯಾವುದೇ ಇರಲಿ, ಮೊದಲು ಪೂಜೆ ಆಗಬೇಕು ಎನ್ನುವುದು ಅವ್ವನ ಕಟ್ಟಳೆ. ಅಪ್ಪ ಹೋದ ಮೇಲೆ ಅವ್ವ ಕುಂಕುಮ ಮುಟ್ಟಿಲ್ಲ. ನಾನು ಎಷ್ಟು ಹೇಳಿದರೂ ಕೇಳಿಲ್ಲ. ಹಾಗಾಗಿ ಮನೆಯಲ್ಲಿ ಕುಂಕುಮ ಹಚ್ಚುವ ಕೈ ಮಗಳದೊಂದೇ. ಅವಳು ತಾಯಿಯ ಕುಂಕುಮದ ಭರಣಿ ತೆರೆದು ಪೆಟ್ಟಿಗೆಯ ನೆತ್ತಿಗೆ ಧಾರಾಳವಾಗಿ ಹಚ್ಚಿದಳು. ಅಲ್ಲಿದ್ದದ್ದು ಗಾಳಿಯಾಡುವ ಕಿಂಡಿಗಳು. ಸ್ವಿಚ್ ಹಾಕಿದ್ದೇ ತಡ, ಒಳಗಿನ ಫ್ಯಾನು ತಿರುಗಿ ಕುಂಕುಮವೆಲ್ಲ ಹಾರಿ ಬಗ್ಗಿ ನೋಡುತ್ತಿದ್ದ ಅವ್ವನ ಹಣೆಗೆ ಬಡಿಯಿತು.

ನಾನು ಒರೆಸಲು ಟವಲ್ಲು ತಂದೆ. ಅವ್ವ ಬೇಡವೆಂದಳು. "ಇರಲಿ ಬಿಡಪಾ. ನಿಮ್ಮಪ್ಪ ಹ್ವಾದ ಮ್ಯಾಲೆ ನನಗ ಕುಂಕುಮ ಹಚ್ಚಿದ್ದು ಈ ಪೆಟಗಿ ಒಂದ."

ಬಣ್ಣ ಹೋಗತೈತೇನು

ಆಸ್ಪತ್ರೆಯ ಖರ್ಚು ಕಳೆದು ನಮ್ಮ ಕೈಗೆ ಎಟುಕುತ್ತಿದ್ದದ್ದು ಒಂದೇ ಗೇಮು, ಅದೂ ಸೆಕೆಂಡ್ ಹ್ಯಾಂಡ್. ಅದು ಹಿಡಿಸದಿದ್ದರೆ ಪೆಟ್ಟಿಗೆ ಅಟ್ಟಕ್ಕೆ, ಮಗಳು ಮತ್ತೆ ತನ್ನ ಮೂಲೆಗೆ. ಆದ್ದರಿಂದ ಮೂವರೂ ಅಬಿಡ್ಸ್ ಪೇಟೆಯ ಗೇಮು ಅಂಗಡಿಗೆ ಹೋದೆವು.

ಅವ್ವ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದು, ಇಳಕಲ್ ಸೀರೆ ಅಂಗಡಿಯಲ್ಲಿ ಕೂತ ಹಾಗೆ ಕೂತು, ಇದ್ದಬದ್ದ ಡಬ್ಬಿಗಳನ್ನೆಲ್ಲ ತೆಗೆಸಿ ಹರವಿಸಿದಳು. ಒಂದು ಡಿಸ್ಕನ್ನು ಬೆರಳಲ್ಲಿ ಉಜ್ಜಿ, ನನಗೆ ಹೇಳಿದಳು: "ಬಣ್ಣ ಹೋಗತೈತೇನು ಕೇಳು."

ನಾನು ನಾಚಿಕೊಂಡೇ ಹಿಂದಿಯಲ್ಲಿ ಕೇಳಿದೆ. ಅಂಗಡಿಯವರು ಗಂಭೀರವಾಗಿ, "ರಂಗ್ ನೈ ಜಾತಾ ಅಮ್ಮಾ, ಟೈಮ್ ಜಾತಾ" ಎಂದರು. ಬಣ್ಣ ಹೋಗುವುದಿಲ್ಲ, ಹೊತ್ತು ಹೋಗುತ್ತದೆ.

ಅವ್ವ ನಿಟ್ಟುಸಿರು ಬಿಟ್ಟಳು. "ಹೊತ್ತ ಹೋಗವಲ್ದು ಅಂತನ ಬಂದೀವಿ. ಒಂದ ಚೊಲೋದು ತೆಗೀರಿ ಅನ್ನು."

ಮೂರು ಜೀವ

ಅಂಗಡಿಯವರು ಒಂದು ಕತ್ತಿ ಕಾಳಗದ ಗೇಮು ಮುಂದಿಟ್ಟರು. ಇದರಲ್ಲಿ ಹೀರೋಗೆ ಮೂರು ಜೀವ, ಎಲ್ಲ ಮಕ್ಕಳೂ ಇದನ್ನೇ ಮೊದಲು ಒಯ್ಯುತ್ತಾರೆ ಎಂದರು. ಮೂರೂ ಮುಗಿದರೆ ಏನು ಎಂದು ಮಗಳು ಕೇಳಿದಳು. ಮುಗಿದರೇನು, ಮತ್ತೆ ಮೊದಲಿನಿಂದ ಮೂರು ಸಿಗುತ್ತವೆ ಎಂದರು ಅವರು. ಮಗಳು ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಹೊರಗೆ ಹೋಗಿ ನಿಂತಳು. ಆ ದಿನ ಏನೂ ಕೊಳ್ಳಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಮಮ್ಮಿಗ ಒಂದ ಇತ್ತು" ಎಂದಳು. ಅಷ್ಟರಲ್ಲಿ ರಸ್ತೆ ಬದಿಗೊಂದು ಗುಡಿ ಬಂತು. ಸೀಟು ಸಿಗದೆ ನಿಂತಿದ್ದ ಅವ್ವ ಹಿಡಿದ ಕಂಬಿ ಬಿಟ್ಟು ಎರಡೂ ಕೈ ಮುಗಿದಳು. ನಾನು ಮುಗಿಯಲಿಲ್ಲ, ಹೆಂಡತಿ ಹೋದಾಗಿನಿಂದ ದೇವರ ಜೊತೆ ಮಾತು ಬಿಟ್ಟಿದ್ದೇನೆ. ಬಸ್ಸು ಗಕ್ಕನೆ ಬ್ರೇಕು ಹಾಕಿತು. ಅವ್ವ ಹೋಗಿ ಮುಂದಿನ ಸೀಟಿನ ಹೆಂಗಸಿನ ತೊಡೆಯ ಮೇಲೆ ಕೂತಳು. ಎಬ್ಬಿಸಲು ಹೋದರೆ, "ನೋಡು, ದೇವ್ರು ಜಾಗಾ ಕೊಡಿಸಿದ" ಎಂದಳು.

ಎತ್ತಿ ಇಡುತ್ತಾರೆ

ಮುಂದಿನ ಭಾನುವಾರ ಅದೇ ಅಂಗಡಿಗೆ ಮತ್ತೆ ಹೋದೆವು. ಅಲ್ಲಿನ ಟಿವಿಯಲ್ಲಿ ಕಾರಿನ ರೇಸು ನಡೆದಿತ್ತು. ಒಂದು ಕಾರು ಹೊಳೆಗೆ ಬಿತ್ತು. ಮೇಲಿನಿಂದ ಕೊಕ್ಕೆಯೊಂದು ಇಳಿದು ಬಂದು ಅದನ್ನೆತ್ತಿ ಮತ್ತೆ ರಸ್ತೆಯ ಮೇಲಿಟ್ಟಿತು. ಮಗಳು ಬಹಳ ಹೊತ್ತು ನೋಡಿದಳು.

"ಎಷ್ಟ ಸಲ ಬಿದ್ರೂ ಎತ್ತತಾರೇನ ಪಪ್ಪಾ?"

ಅಂಗಡಿಯವರನ್ನು ಕೇಳಿ, ಹೌದೆಂದೆ.

"ಇದ ಇರಲಿ."

ನಾನು ಆಸೆಪಟ್ಟಿದ್ದ ಕ್ರಿಕೆಟ್ ಗೇಮು ಪಕ್ಕದಲ್ಲೇ ಇತ್ತು. ಅದರ ಕಡೆ ನೋಡಿದೆ. ಅವ್ವ ಸೊಂಟಕ್ಕೆ ತಿವಿದು, "ನಿನ್ನ ಮದುವಿ ಟೈಮಿನಾಗೂ ಹಿಂಗ ಬ್ಯಾರೇದ ನೋಡಿದ್ದಿ, ನಡಿ" ಎಂದಳು.

ತಿರುವು

ಮನೆಗೆ ಬಂದು ಗೇಮು ಹಾಕಿದೆವು. ಮಗಳು ಒಂದು ರಿಮೋಟು ಹಿಡಿದಳು. ಇನ್ನೊಂದು ಚಾಪೆಯ ಮೇಲೇ ಇತ್ತು. ಇಂಥ ಆಟಕ್ಕೆಲ್ಲ ಮೊದಲು ಓಡಿ ಬರುತ್ತಿದ್ದವಳು ಅವಳ ತಾಯಿ. ಕೊನೆಗೆ ಅವ್ವನೇ ಅದನ್ನು ಎತ್ತಿಕೊಂಡಳು.

ಗುಂಡಿಗಳನ್ನು ಹೇಳಿಕೊಟ್ಟ ಮೇಲೆ ಅವ್ವ ಪರವಾಗಿಲ್ಲ ಎನ್ನುವಂತೆ ಓಡಿಸಿದಳು. ಆದರೆ ಹೊಳೆಯ ಪಕ್ಕದ ತಿರುವಿನಲ್ಲಿ ಚೂಪು ಶಿಖರದ ಕಟ್ಟಡವೊಂದಿತ್ತು. ಅದು ಏನೋ ನನಗೆ ಗೊತ್ತಿಲ್ಲ, ಅವ್ವನ ಕಣ್ಣಿಗೆ ಗುಡಿ. ರಿಮೋಟು ಮಡಿಲಿಗೆ ಹಾಕಿ ಎರಡೂ ಕೈ ಮುಗಿದಳು. ಕಾರು ನೆಟ್ಟಗೆ ಹೊಳೆಗೆ ಹೋಯಿತು. ಕೊಕ್ಕೆ ಬಂದು ಎತ್ತಿಟ್ಟಿತು. ಮತ್ತೊಂದು ಸುತ್ತು, ಅದೇ ಗುಡಿ, ಅದೇ ಕೈ, ಅದೇ ಹೊಳೆ.

ಮಗಳು ಆಟ ನಿಲ್ಲಿಸಿ ಅಜ್ಜಿಯನ್ನು ಕೇಳಿದಳು: "ಆಯಿ, ಆ ದೇವ್ರಿಗೆ ಕಂಡಾಗೊಮ್ಮೆ ಕೈ ಮುಗ್ಯಾಕತ್ತೀಯಲ್ಲ, ಏನ ಬೇಡ್ಕೋತಿ?"

"ನನ್ನ ಗಾಡಿ ನೀರಾಗ ಬೀಳಬಾರ್ದಪಾ ಅಂತ."

ಮಗಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ತಾಯಿಯ ಹಾಗೆಯೇ ಸದ್ದಿಲ್ಲದೆ ಭುಜ ಕುಣಿಸುತ್ತ ನಕ್ಕಳು. ನನಗೆ ಅಳು ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ. ಅವ್ವ ರಿಮೋಟು ನನ್ನ ಕೈಗಿಟ್ಟಳು.

"ನೀ ಅಂತೂ ದೇವ್ರಿಗೆ ಕೈ ಮುಗಿಯಾಂವಲ್ಲ. ನೀನರ ದಾಟಸು."

ಓಡಿಸಿದೆ. ತಿರುವು ಬಂತು, ಗುಡಿ ಬಂತು. ಪಕ್ಕದಲ್ಲಿ ಮಗಳು ಇನ್ನೂ ನಗುತ್ತಲೇ ಇದ್ದಳು. ನನ್ನ ಕೈಗಳು ರಿಮೋಟು ಬಿಟ್ಟು ತಾವಾಗಿಯೇ ಕೂಡಿಕೊಂಡವು. ನನ್ನ ಗಾಡಿಯೂ ನೀರಿಗೆ ಬಿತ್ತು.