ರೊಟ್ಟಿ ಮರೆಸಲು ಮಾಡಿದ ಚಟ್ನಿ

ದೇವರು ನನಗೂ ಎರಡು ಕೈ ಕೊಟ್ಟಿದ್ದಾನೆ. ಆದರೆ ರೊಟ್ಟಿ ಬಡಿಯಲು ಕುಳಿತರೆ ಅವೆರಡಕ್ಕೂ ಮಾತು ಬಿಟ್ಟುಹೋಗುತ್ತದೆ. (ಬಲಗೈ ಬಡಿದದ್ದನ್ನು ಎಡಗೈ ಹರಿಯುತ್ತದೆ.) ಮದುವೆಯಾಗಿ ಗದಗ ಪಕ್ಕದ ಬೆಟಗೇರಿಗೆ ಬಂದಾಗಿನಿಂದ ಶಿರಹಟ್ಟಿಯ ನನ್ನ ಗಂಡನ ಅಕ್ಕ ಕಸ್ತೂರೆವ್ವ ಅದನ್ನೇ ಆಡಿಕೊಳ್ಳುತ್ತಾರೆ. "ಗದಗ ತಾಲೂಕು ಹೋಗಿ ಜಿಲ್ಲಾ ಆತು, ದಾಕ್ಷಾಯಣಿ. ನಿನ್ನ ರೊಟ್ಟಿ ಮಾತ್ರ ಇನ್ನೂ ರೊಟ್ಟಿ ಆಗವಲ್ದು!" ಎಂದು ಹೋದ ಸಲ ಎಲ್ಲರೆದುರಿಗೇ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಈ ಸಲ ಮಗಳು ಸುವರ್ಣಾಳನ್ನು ಕರೆದುಕೊಂಡು ಊಟಕ್ಕೆ ಬರುತ್ತಾರೆಂದು ಗೊತ್ತಾದೊಡನೆ ಪಣ ತೊಟ್ಟೆ. ಅವರ ಬಾಯಿಂದ 'ಭೇಷ್' ಅನ್ನಿಸಿಯೇ ಬಿಡಬೇಕು! ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಮುತ್ತವ್ವನ ಮನೆಯಿಂದ ಸೆರಗಿನ ಮರೆಯಲ್ಲಿ ರೊಟ್ಟಿ ತಂದೆ. ಉಳಿದದ್ದಕ್ಕೆ ನಾನೇ ಸಾಕು. ಗುರೆಳ್ಳು ಹುರಿದು ಬೆಳ್ಳುಳ್ಳಿ, ಖಾರ ಕೂಡಿಸಿ ಕುಟ್ಟಿದೆ. ಹಸಿಮೆಣಸಿನಕಾಯಿ ಎಣ್ಣೆಯಲ್ಲಿ ಬಾಡಿಸಿ ಜೀರಿಗೆ, ಉಪ್ಪು ಹಾಕಿ ಅರೆದೆ. ಮೂಲಂಗಿ ಪಚಡಿಯ ಮೇಲೆ ಶೇಂಗಾಪುಡಿ ಉದುರಿಸಿದೆ. ಕಡಲೆಹಿಟ್ಟು ಬೇಯಿಸಿ ತಟ್ಟಿದ ಝುಣಕದ ವಡೆಗೆ ಕೊಬ್ಬರಿಯ ಅಲಂಕಾರವೂ ಆಯಿತು. ಇಷ್ಟು ದೊಡ್ಡ ಚತುರಂಗ ಸೇನೆ ತಟ್ಟೆಯಲ್ಲಿ ನಿಂತಾಗ ರೊಟ್ಟಿಯ ಕುಲಗೋತ್ರ ಕೇಳುವವರು ಯಾರು?

"ರೊಟ್ಟಿ ಕೊಂಡು ತಂದೀನಿ ಅಂತ ಖರೆ ಹೇಳಿಬಿಡು," ಎಂದರು ನಮ್ಮವರು.

"ನೀವು ಬಾಯಿ ತಗಿಯೂದು ಊಟಕ್ಕಷ್ಟ ಇರಲಿ!"

ಕಸ್ತೂರೆವ್ವ ಕುಳಿತರು, ಮುರಿದರು, ಅದ್ದಿದರು, ಕಣ್ಣು ಮುಚ್ಚಿದರು.

"ಯಾರು ಮಾಡಿದ್ರು ಇದನ್ನೆಲ್ಲಾ?"

"ನಾನರಿ ಅಕ್ಕಾರ. ರೊಟ್ಟಿ, ಚಟ್ನಿ, ಎಲ್ಲಾ ನಾನ. ದೇವರಾಣಿ!"

"ಭೇಷ್! ಏನ್ ರೊಟ್ಟಿ! ಕಾಗದದ ಹಾಳಿ ಇದ್ದಂಗ ತೆಳ್ಳಗ ಅದಾವು. ಆದ್ರ ಚಟ್ನಿ, ಪಚಡಿ ಎಲ್ಲಿಂದ ತರಿಸಿದಿ? ಇಂಥಾ ರೊಟ್ಟಿ ಬಡಿಯಾಕಿಗೆ ಇವನ್ನ ಮಾಡಾಕ ಪುರಸೊತ್ತರ ಎಲ್ಲಿ ಇರತೈತಿ?"

"ಅಯ್ಯ, ಅವನ್ನೂ ನಾನ ಮಾಡೀನ್ರಿ!"

"ಇರಲಿ ಬಿಡು, ತಂದ್ರೇನಾತು?" ಎಂದು ನಕ್ಕರು. "ಸುವರ್ಣಾನ ಲಗ್ನಕ್ಕ ರೊಟ್ಟಿ ಬಡಿಯಾಕ ಹಿಟ್ಟು ಮೊದಲ ನಿಮ್ಮ ಮನಿಗೇ ಕಳಸ್ತೀನಿ. ಈಗ ಒಂದ ಬಡದು ತೋರಸು. ಹುಡುಗಿ ನೋಡಿ ಕಲೀಲಿ."

ನಮ್ಮವರು ಕೆಮ್ಮಿದರು. ನಾನು ಸೋಲುವ ಹೆಣ್ಣಲ್ಲ. ಸೆರಗು ಸಿಕ್ಕಿಸಿ, ಹಿಟ್ಟು ನಾದಿ, ಮನೆದೇವರನ್ನು ನೆನೆದು ಬಡಿದೆ. ರೊಟ್ಟಿ ಹಂಚು ಮುಟ್ಟುವ ಮೊದಲೇ ಅರ್ಧ ನನ್ನ ಕೈಯಲ್ಲಿ, ಅರ್ಧ ಒಲೆಯಲ್ಲಿ! ಸುವರ್ಣಾ ಬಹಳ ಶ್ರದ್ಧೆಯಿಂದ ನೋಡುತ್ತಿದ್ದಳು.

"ಹಂಗಾರ ಆ ರೊಟ್ಟಿ?" ಎಂದರು ಕಸ್ತೂರೆವ್ವ.

"ಮುತ್ತವ್ವ ಬಡದಿದ್ವು," ಎಂದೆ ತಲೆತಗ್ಗಿಸಿ. "ಆದ್ರ ಚಟ್ನಿ, ಪಚಡಿ, ಝುಣಕಾ ಎಲ್ಲಾ ನಾನ ಮಾಡಿದ್ದರಿ ಅಕ್ಕಾರ. ದೇವರಾಣಿ!"

"ಈ ಆಣಿ ಆಗಲೇ ಕೇಳೀನಿ," ಎಂದರು.

ನಾನು ಆಸೆಯಿಂದ ನಮ್ಮವರ ಕಡೆ ನೋಡಿದೆ. ಅವರು ಊಟಕ್ಕಷ್ಟೇ ಬಾಯಿ ತೆರೆದು ನನ್ನ ಗುರೆಳ್ಳು ಚಟ್ನಿಯನ್ನು ಬೆರಳಿನಿಂದ ಬಳಿದು ತಿನ್ನುತ್ತಿದ್ದರು.

ಲಗ್ನಕ್ಕೆ ರೊಟ್ಟಿ, ಚಟ್ನಿ ಎರಡನ್ನೂ ಮುತ್ತವ್ವನಿಗೇ ಹೇಳಿದರು. ನನಗೂ ಒಂದು ಕೆಲಸ ಕೊಟ್ಟಿದ್ದಾರೆ: ಪಂಕ್ತಿಯಲ್ಲಿ ನೀರು ಹಾಕುವುದು.